ಒಂದು ವಿಮಾನ, ಎರಡು ಉತ್ತರ

ನಮ್ಮದು ಚೌಳಹಿರಿಯೂರಿನ ಕಡೆ ಹೊಲ, ತೆಂಗಿನ ತೋಟ ನೋಡಿಕೊಂಡಿದ್ದ ಮನೆ. ನಾನೊಬ್ಬನೇ ಬೆಂಗಳೂರಿಗೆ ಹೋಗಿ ಮೋಟಾರು ರಿಪೇರಿ ಕಲಿತೆ. ಅಲ್ಲಿಂದ ವಿಮಾನದ ಎಂಜಿನ್ನಿಗೆ ಕೈ ಹಾಕಿದೆ, ಆಮೇಲೆ ಹಾರಿಸುವುದನ್ನೂ ಕಲಿತೆ. ಎರಡನೆಯ ಮಹಾಯುದ್ಧ ಶುರುವಾಗಲು ಇನ್ನೂ ಕೆಲವು ವರ್ಷಗಳಿದ್ದ ಕಾಲ. ನನಗೆ ಕಲಿಸಿದವರು ಸೈನ್ಯದಲ್ಲಿದ್ದು ಬಂದಿದ್ದ ಕೊಡಗಿನವರು. ಮಾತು ಕಡಿಮೆ. ಹಾರುವಾಗ ಇನ್ನೂ ಕಡಿಮೆ.

ಒಂದು ದಿನ ಬೆಂಗಳೂರಿನಿಂದ ಶಿವಮೊಗ್ಗದ ಕಡೆಯ ಕಾರ್ಖಾನೆಯೊಂದಕ್ಕೆ ಯಂತ್ರದ ಬಿಡಿಭಾಗ ತುರ್ತಾಗಿ ತಲುಪಿಸಬೇಕಾಗಿ ಬಂತು. ರೈಲಿಗೆ ಕಾಯುವಷ್ಟು ವ್ಯವಧಾನ ಅವರಿಗಿರಲಿಲ್ಲ. ಗೋಣಿಯಲ್ಲಿ ಸುತ್ತಿ ಹೊಲಿದ ಗಂಟೊಂದನ್ನು ಬೆಳಿಗ್ಗೆ ತಂದು ಕೊಟ್ಟರು. ನಮ್ಮದು ಎರಡು ಸೀಟಿನ, ಮೇಲೆ ತೆರೆದಿರುವ ಪುಟ್ಟ ವಿಮಾನ. ಗಂಟನ್ನು ಮುಂದಿನ ಸೀಟಿನ ಎದುರಿನ ಖಾನೆಗೆ ತುರುಕಿ ನಾನು ಅಲ್ಲೇ ಕೂತೆ. ಗುರುಗಳು ಹಿಂದೆ ಕೂತರು. ಎಂಜಿನ್ನಿನ ಸದ್ದಿನಲ್ಲಿ ಕೂಗಿದರೂ ಕೇಳದು, ಅದಕ್ಕೆ ಇಬ್ಬರ ನಡುವೆ ಮಾತಾಡಲು ಒಂದು ರಬ್ಬರ್ ಕೊಳವೆ ಇತ್ತು.

ಎರಡೂ ಸೀಟಿಗೆ ಒಂದೊಂದು ನಡೆಸುವ ಹಿಡಿ, ಒಂದೊಂದು ಕಂಪಾಸು. ಹಿಂದಿನ ಕಂಪಾಸಿನಿಂದ ಎಣ್ಣೆ ಸೋರಿ ಒಳಗೆ ಗುಳ್ಳೆ ಸೇರಿಕೊಂಡಿತ್ತು. ಮುಳ್ಳು ಅಲ್ಲಲ್ಲೇ ಕಚ್ಚಿಕೊಂಡು ನಿಲ್ಲುತ್ತಿತ್ತು.

"ನಿನ್ನ ಕಂಪಾಸನ್ನೇ ನಂಬೋಣ. ನೀನೇ ನಡೆಸು" ಎಂದರು ಗುರುಗಳು.

ಅರಸೀಕೆರೆಯವರೆಗೆ ಕಂಪಾಸಿನ ಅಗತ್ಯವೇ ಬೀಳಲಿಲ್ಲ. ಕೆಳಗೆ ರೈಲು ಕಂಬಿ ಕಾಣುತ್ತಿತ್ತು, ಅದರ ಜಾಡಿನಲ್ಲೇ ಬಂದೆವು. ಮುಂಗಾರು ಮುಗಿಯುತ್ತಾ ಬಂದಿದ್ದರೂ ಅರಸೀಕೆರೆ ದಾಟುವಾಗ ಮೋಡ ಕೆಳಗಿಳಿದು ನೆಲ ಮುಚ್ಚಿಹೋಯಿತು. ಗುರುಗಳು ಮೋಡದ ಮೇಲೆ ಹೋಗಲು ಹೇಳಿದರು. ಮೇಲೆ ಒಳ್ಳೆಯ ಬಿಸಿಲಿತ್ತು, ಕೆಳಗೆ ಬರೀ ಬಿಳುಪು. ನಾನು ಕಂಪಾಸಿನ ಮುಳ್ಳನ್ನು ವಾಯವ್ಯಕ್ಕೆ ಹಿಡಿದು ನಡೆಸಿದೆ. ನಮ್ಮ ಕಡೂರು ತಾಲ್ಲೂಕೇ ಕಾಲ ಕೆಳಗೆ ಸಾಗುತ್ತಿದೆ ಎಂದುಕೊಂಡಿದ್ದೆ.

ಸ್ವಲ್ಪ ಹೊತ್ತಿನ ಮೇಲೆ ಕೊಳವೆಯಲ್ಲಿ ದನಿ ಬಂತು.

"ನಿನ್ನ ಕಂಪಾಸು ಏನು ಹೇಳ್ತಿದೆ?"

"ವಾಯವ್ಯ, ಸಾರ್."

"ನನ್ನದು ಪಶ್ಚಿಮ ಅಂತಿದೆ."

"ನಿಮ್ಮದು ಕಚ್ಚಿಕೊಂಡಿರಬೇಕು ಸಾರ್."

"ತಟ್ಟಿ ನೋಡಿದೆ. ಮತ್ತೆ ಅಲ್ಲಿಗೇ ಬಂದು ನಿಲ್ತು."

ನಾನು ನನ್ನ ಕಂಪಾಸನ್ನೂ ಬೆರಳಿನಿಂದ ತಟ್ಟಿದೆ. ಮುಳ್ಳು ಅಲುಗಿ ಮತ್ತೆ ಅದೇ ವಾಯವ್ಯಕ್ಕೆ ಬಂತು. ಕೆಟ್ಟಿದೆ ಎಂದು ಗೊತ್ತಿದ್ದ ಕಂಪಾಸನ್ನು ಬಿಟ್ಟು ಕೆಡದೆ ಇರುವುದನ್ನು ನಂಬುವುದು ನ್ಯಾಯವೆಂದೇ ನನಗೆ ತೋರಿತು. ಹಾಗೇ ಮುಂದುವರಿದೆ.

ಆಗ ಎದುರಿನ ಬಿಳುಪಿನಲ್ಲಿ ಹಸಿರಾದದ್ದೊಂದು ಕಾಣಿಸಿತು. ಮೊದಲು ಮೋಡದ ನೆರಳೆಂದುಕೊಂಡೆ. ಹತ್ತಿರವಾದ ಹಾಗೆ ಅದು ಹುಲ್ಲು ಬೆಳೆದ ಗುಡ್ಡದ ಬೆನ್ನಾಯಿತು. ಪಕ್ಕದಲ್ಲಿ ಮಣ್ಣು ಬಗೆದ ಕೆಂಪು ಗಾಯ, ಗುಡ್ಡದಿಂದ ಕೆಳಕ್ಕೆ ಇಳಿದು ಮೋಡದಲ್ಲಿ ಮುಳುಗಿದ ತಂತಿ. ಅದಿರು ಸಾಗಿಸುವ ತಂತಿ ಅದು. ಕೆಮ್ಮಣ್ಣುಗುಂಡಿ ಬಿಟ್ಟರೆ ಆ ಸೀಮೆಯಲ್ಲಿ ಇನ್ನೆಲ್ಲೂ ಅಂಥದ್ದಿರಲಿಲ್ಲ. ನಮ್ಮ ದಾರಿಯಿಂದ ಅದು ಬಹಳ ಪಶ್ಚಿಮಕ್ಕಿತ್ತು.

"ಸಾರ್, ಗುಡ್ಡ!" ಎಂದೆ.

"ಕಂಡಿತು. ಕೈ ಬಿಡು" ಎಂದರು. ಅಷ್ಟು ಹೊತ್ತಿಗೆ ವಿಮಾನ ಬಲಕ್ಕೆ ವಾಲಿಯಾಗಿತ್ತು. ರೆಕ್ಕೆಯ ಕೆಳಗೆ ಗಾಳಿಗೆ ಮಲಗಿ ಏಳುತ್ತಿದ್ದ ಹುಲ್ಲು ನನಗೆ ಚೆನ್ನಾಗಿ ಕಂಡಿತು. ಆಮೇಲೆ ಮತ್ತೆ ಬಿಳುಪು.

"ಇನ್ನು ಎರಡು ಕಂಪಾಸೂ ಬೇಡ" ಎಂದರು, ಪಾಠ ಹೇಳುವ ದನಿಯಲ್ಲೇ. "ಬೆಳಗಿನ ಹೊತ್ತು. ಸೂರ್ಯನನ್ನು ಮುಖಕ್ಕಿಟ್ಟುಕೊಂಡು ಹೋದರೆ ಗುಡ್ಡ ಹಿಂದಾಗುತ್ತೆ. ನೀನು ಕೆಳಗೆ ನೋಡ್ತಿರು. ಎಲ್ಲಾದರೂ ತೂತು ಕಂಡರೆ ಹೇಳು."

ನಾನು ಕಣ್ಣು ಕೀಳದೆ ಕೆಳಗೆ ನೋಡುತ್ತಿದ್ದೆ. ಪೆಟ್ರೋಲು ಇಳಿಯುತ್ತಿತ್ತು. ಬಹಳ ದೂರ ಬಂದ ಮೇಲೆ ಮೋಡ ಹರಿದು ಉತ್ತ ಹೊಲ, ಒಂದು ಕೆರೆ, ಕೆರೆಯಾಚೆ ರೈಲು ಕಂಬಿ ಕಂಡವು. ಆ ಸಂದಿಯಿಂದಲೇ ಇಳಿದೆವು.

"ಯಾವ ಕಂಬಿ ಇದು? ನಿಮ್ಮ ಸೀಮೆಯಲ್ಲವೇನಪ್ಪಾ?"

"ತರೀಕೆರೆ ಕಂಬಿ ಸಾರ್. ಇದರ ಮೇಲೇ ಹೋದರೆ ಶಿವಮೊಗ್ಗ" ಎಂದೆ. ನೆಲದ ಮೇಲೆ ನಾನು ಆ ಊರುಗಳನ್ನೆಲ್ಲ ತಿರುಗಿದ್ದೆ. ಮೇಲಿನಿಂದ ನೋಡಿದರೆ ಒಂದೂ ಗುರುತು ಹತ್ತಲಿಲ್ಲ. ಆದರೂ ಹೇಳಿಬಿಟ್ಟೆ.

ಗುರುಗಳು ನನ್ನ ಮಾತನ್ನಷ್ಟೇ ನಂಬಲಿಲ್ಲ. ಕಂಬಿಯ ಮೇಲೆ ಮರದೆತ್ತರಕ್ಕೆ ಇಳಿಸಿ ಮುಂದಿನ ಸ್ಟೇಷನ್ನಿನ ಹಲಗೆ ಓದಲು ಹೇಳಿದರು. ಮೊದಲ ಸಲ ಅಕ್ಷರ ಹಿಡಿಯಲಾಗಲಿಲ್ಲ. ಸುತ್ತಿ ಮತ್ತೆ ಬಂದೆವು. ಸ್ಟೇಷನ್ನಿನವರೊಬ್ಬರು ಹೊರಗೆ ಓಡಿ ಬಂದು ನಮಗೆ ಕೆಂಪು ಬಾವುಟ ತೋರಿಸುತ್ತಿದ್ದರು. ಅವರ ಹಿಂದಿನ ಹಲಗೆಯನ್ನು ಓದಿದೆ: ಅಜ್ಜಂಪುರ. ಶಿವಮೊಗ್ಗದ ಕಂಬಿಯನ್ನು ಮೋಡದ ಮೇಲೇ ದಾಟಿ, ಹುಬ್ಬಳ್ಳಿಗೆ ಹೋಗುವ ಕಂಬಿಗೆ ಬಂದಿದ್ದೆವು.

ಶಿವಮೊಗ್ಗ ಮುಟ್ಟುವಷ್ಟು ಪೆಟ್ರೋಲು ಉಳಿದಿರಲಿಲ್ಲ. ಊರಾಚೆ ದನ ಮೇಯುವ ಗೋಮಾಳ ಚಪ್ಪಟೆಯಾಗಿತ್ತು. ಒಮ್ಮೆ ತಗ್ಗಿನಲ್ಲಿ ಹಾರಿ ದನಗಳನ್ನು ಓಡಿಸಿ, ಎರಡನೆಯ ಸಲಕ್ಕೆ ಇಳಿದೆವು. ಮೊದಲು ನಮ್ಮ ಹತ್ತಿರ ಬಂದವಳು ದನ ಕಾಯುತ್ತಿದ್ದ ಹೆಂಗಸು, ಕೈಯಲ್ಲಿ ಕೋಲು ಹಿಡಿದು.

"ಏನ್ರಯ್ಯಾ, ಕಣ್ಣಿಲ್ವಾ ನಿಮ್ಗೆ? ಗಬ್ಬದ ಹಸಾ ಕಣ್ರೀ ಅದು, ಕೆರೆ ಕಡೆ ಓಡೋಯ್ತು! ಯಾರು ಹಿಡ್ಕೊಂಡ್ ಬರೋರು?"

ಗುರುಗಳು ಟೋಪಿ ತೆಗೆದು, "ನಡಿಯಮ್ಮ, ನಾನೇ ಬರ್ತೀನಿ" ಎಂದು ಅವಳ ಹಿಂದೆ ಹೋದರು. ಚರ್ಮದ ಕೋಟು ಹಾಕಿಕೊಂಡೇ ಹಸು ಹುಡುಕಲು ಹೊರಟ ಅವರನ್ನು ನೋಡಿ, ಅಷ್ಟರಲ್ಲಿ ಸೇರಿದ್ದ ಜನ ವಿಮಾನ ನೋಡುವುದನ್ನು ಬಿಟ್ಟು ಅವರ ಹಿಂದೆ ನಡೆದರು.

ನಾನು ಕಂಪಾಸು ಬಿಚ್ಚಿ ನೋಡೋಣವೆಂದು ಸ್ಪ್ಯಾನರಿಗಾಗಿ ಎದುರಿನ ಖಾನೆ ತೆರೆದೆ. ಗೋಣಿಯ ಗಂಟು ಅಡ್ಡ ಇತ್ತು. ಎಳೆದು ಈಚೆಗೆ ತೆಗೆದಾಗ ಕಂಪಾಸಿನ ಮುಳ್ಳು ತಾನಾಗಿಯೇ ತಿರುಗಿತು. ಗಂಟನ್ನು ಒಳಗಿಟ್ಟೆ, ಮುಳ್ಳು ಹಿಂದಿನ ಜಾಗಕ್ಕೆ ಹೋಯಿತು. ಹೊಲಿಗೆ ಬಿಚ್ಚಿ ನೋಡಿದೆ. ಒಳಗಿದ್ದದ್ದು ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೊ. ಅದರ ಮೈಯೆಲ್ಲ ದಪ್ಪ ಅಯಸ್ಕಾಂತ.

ಹಸುವನ್ನು ಒಪ್ಪಿಸಿ ಕೆಸರು ಕಾಲಲ್ಲಿ ಬಂದ ಗುರುಗಳಿಗೆ ತೋರಿಸಿದೆ. ಅವರು ತಾವೇ ಒಮ್ಮೆ ಗಂಟನ್ನು ಒಳಗಿಟ್ಟು, ತೆಗೆದು ನೋಡಿದರು. "ಗುಳ್ಳೆ ಇದ್ದ ಕಂಪಾಸೇ ನಿಜ ಹೇಳ್ತಿತ್ತು. ಏನು ತುಂಬ್ತಿದ್ದೀವಿ ಅಂತ ನಾನು ಕೇಳಬೇಕಾಗಿತ್ತು" ಎಂದರು.

ಅಜ್ಜಂಪುರದಿಂದ ತರೀಕೆರೆಗೆ ಬಸ್ಸು ಓಡಿಸುತ್ತಿದ್ದ ಸಾಹೇಬರೊಬ್ಬರು ಆ ಮ್ಯಾಗ್ನೆಟೊ ಒಯ್ದು ಶಿವಮೊಗ್ಗದ ರೈಲಿಗೆ ಹಾಕಿಸಲು ಒಪ್ಪಿದರು. ತಮ್ಮ ಬಸ್ಸಿನ ಪೆಟ್ರೋಲನ್ನೂ ಕೊಟ್ಟರು. ನಾವದನ್ನು ಮೆದು ತೊಗಲಿನಲ್ಲಿ ಸೋಸಿ ತುಂಬಿಕೊಂಡೆವು. ಮೋಡ ಬಿಡಲಿಲ್ಲವಾದ್ದರಿಂದ ರಾತ್ರಿ ಅವರ ಮನೆಯಲ್ಲೇ ಉಳಿದೆವು. ನಮಗೆ ಬಡಿಸಿ, ಮನೆಯವರೊಡನೆ ದಖನಿ ಉರ್ದುವಿನಲ್ಲಿ ನಮ್ಮ ಕತೆಯನ್ನು ನಗುನಗುತ್ತಾ ಹೇಳಿಕೊಂಡರು.

ಬೆಳಿಗ್ಗೆ ಗೋಮಾಳಕ್ಕೆ ಹೋದರೆ ನಮ್ಮಮ್ಮ ವಿಮಾನದ ರೆಕ್ಕೆಯ ಕೆಳಗೆ ಕೂತಿದ್ದಳು. ಸುದ್ದಿ ಸ್ಟೇಷನ್ನಿನಿಂದ ಸ್ಟೇಷನ್ನಿಗೆ ತಂತಿಯಲ್ಲಿ ಹೋಗಿ ಕಡೂರು ಮುಟ್ಟಿ, ಅಲ್ಲಿಂದ ಮನೆಗೂ ಮುಟ್ಟಿತ್ತು. ಸಿಕ್ಕಿದ ಮೊದಲ ರೈಲಿಗೆ ಬಂದಿದ್ದಳು.

"ಬದುಕಿದ್ದೀಯಲ್ಲ ಮಗಾ" ಎಂದು ಕೈಕಾಲು ಮುಟ್ಟಿ ನೋಡಿದಳು. ಬುತ್ತಿ ಬಿಚ್ಚಿ ಇಬ್ಬರಿಗೂ ರೊಟ್ಟಿ ಕೊಟ್ಟು, ನಡೆದದ್ದನ್ನೆಲ್ಲ ನನ್ನಿಂದ ಹೇಳಿಸಿಕೊಂಡಳು. ಆಮೇಲೆ, "ನೀನು ಕೂರೋದೆಲ್ಲಿ? ತೋರ್ಸು" ಎಂದಳು. ಹತ್ತಿಸಿ ಮುಂದಿನ ಸೀಟಿನಲ್ಲಿ ಕೂರಿಸಿದೆ. ಸೆರಗು ಬಿಗಿಮಾಡಿಕೊಂಡು ಎಲ್ಲವನ್ನೂ ನೋಡಿದಳು.

"ಒಂದು ಸುತ್ತು ಹಾಕಿಸಲಾ ಅಮ್ಮಾ?" ಎಂದರು ಗುರುಗಳು.

"ಬ್ಯಾಡಪ್ಪಾ, ಕೂತ್ನಲ್ಲಾ, ಸಾಕು." ಆಮೇಲೆ ಅವರನ್ನೇ ಕೇಳಿದಳು: "ಗುಡ್ಡ ಎದ್ರಿಗೆ ಬಂದಾಗ ನಿಂಗೆ ಹೆದ್ರಿಕೆ ಆಗ್ಲಿಲ್ವಾ?"

"ಆಯ್ತಮ್ಮಾ. ಹಸು ಹುಡುಕೋಕೆ ಹೋದಾಗ್ಲೂ ಕಾಲು ನಡುಗ್ತಾನೇ ಇತ್ತು. ಇವನ ಎದುರು ನಿಂತ್ಕೊಳ್ಳೋಕಾಗದೆ ಆ ಕಡೆ ಹೋದೆ."

ನಾನು ರೊಟ್ಟಿ ಹಿಡಿದು ಪಕ್ಕದಲ್ಲೇ ಇದ್ದೆ. ಹಿಂದಿನ ದಿನ ಕೊಳವೆಯಲ್ಲಿ ಬಂದ ದನಿಯನ್ನು ಮನಸ್ಸಿನಲ್ಲೇ ಮತ್ತೆ ಕೇಳಿಕೊಂಡೆ. ಅದರಲ್ಲಿ ನಡುಕದ ಸುಳಿವು ಹುಡುಕಿದೆ, ಸಿಗಲಿಲ್ಲ. ಅಮ್ಮ ಕೆಳಗಿಳಿದು ಅವರ ತೋಳನ್ನು ಒಂದು ಸಲ ತಟ್ಟಿ, ಮಿಕ್ಕ ರೊಟ್ಟಿಯನ್ನು ಅವರ ಕೈಗೇ ಕೊಟ್ಟಳು.

ಬಿಸಿಲು ಬಂದ ಮೇಲೆ ಹೊರಟೆವು. ಊರಿನ ಗಂಡಸರು ಬಾಲ ಹಿಡಿದು ವಿಮಾನವನ್ನು ಗಾಳಿಗೆ ಮುಖ ಮಾಡಿ ನಿಲ್ಲಿಸಿಕೊಟ್ಟರು. ಮೇಲೇರಿದಾಗ ಎರಡು ಕಂಪಾಸೂ ಆಗ್ನೇಯವನ್ನೇ ತೋರಿಸುತ್ತಿದ್ದವು. ಗುರುಗಳು ಆದರೂ ಬೀರೂರು, ಕಡೂರು, ಅರಸೀಕೆರೆ ಎಂದು ಒಂದೊಂದೇ ಊರನ್ನು ನನ್ನಿಂದ ಹೇಳಿಸುತ್ತಾ, ಕಂಬಿ ಬಿಡದೆ ನಡೆಸಿಕೊಂಡು ಬಂದರು.