ಹೆಸರು ಬೇಡವೆಂದ ಅಸಾದುಲ್ಲಾ

ಸಕಲೇಶಪುರದ ಲಾರಿ ಡ್ರೈವರ್ ಅಸಾದುಲ್ಲಾ ಜಗಳಕ್ಕೆ ಸದಾ ಎರಡು ಹೆಜ್ಜೆ ಮುಂದೆ. ರಕ್ತ ಕೊಡುವ ವಿಷಯದಲ್ಲಿ ಮಾತ್ರ ಬಾಯಿ ಬಿಡದ ಆಸಾಮಿ. ಹಿಂದೆ ತಂಗಿ ಶಾಹಜಾದಿ ಹೆರಿಗೆಯಲ್ಲಿ ರಕ್ತ ಹೋಗಿ ಸತ್ತಾಗ, ರಕ್ತ ಕೊಟ್ಟರೆ ಗಂಡಸಿನ ಕಸುವು ಇಂಗುತ್ತದೆಂದು ಮನೆಯವರೆಲ್ಲ ಹಿಂಜರಿದಿದ್ದರು. ಅವನೂ ಆಸ್ಪತ್ರೆಯ ಕಂಬದ ಮರೆಗೆ ನಿಂತುಬಿಟ್ಟಿದ್ದ. ಆ ನಾಚಿಕೆಯೇ ಮುಂದೆ ಏಳು ಸಲ ಅವನನ್ನು ಹಾಸನದ ಆಸ್ಪತ್ರೆಗೆ ಎಳೆದೊಯ್ದಿತು. ಯಾರಿಗೆಂದು ಕೇಳುತ್ತಿರಲಿಲ್ಲ. ಹೊರಡುವಾಗ ಒಂದೇ ಮಾತು: "ನನ್ ಹೆಸ್ರು ಯಾರ್ಗೂ ಹೇಳ್ಬ್ಯಾಡಿ ಕಣ್ರೀ." ತಂಗಿಗೆ ಕೊಡದವನಿಗೆ ಹೊಗಳಿಕೆ ಬೇರೆ ಕೇಡು ಎಂದುಕೊಳ್ಳುತ್ತಿದ್ದ.

ಅರವತ್ತಾರನೇ ಇಸವಿಯಲ್ಲಿ ಎಂಟನೆಯ ಸಲ ಕರೆಯಲು ಬಂದವನು ಕುಂದೂರಿನ ಮಹಾದೇವಯ್ಯ, ಇಪ್ಪತ್ತು ವರ್ಷದ ಗೆಳೆಯ. ಮಗಳು ದ್ರಾಕ್ಷಾಯಣಿ ಹೆತ್ತು, ರಕ್ತವಿಲ್ಲದೆ ಬಿಳಿಚಿಕೊಂಡು ಮಲಗಿದ್ದಳು. ಚಿಕ್ಕಂದಿನಲ್ಲಿ ಅಸಾದುಲ್ಲಾ ಹೆಗಲ ಮೇಲೆ ಹೊತ್ತು ತಿರುಗಿದ ಹುಡುಗಿ. ಹೊಂಗಡಹಳ್ಳದ ಕಾಫಿ ಮೂಟೆ ಇಳಿಸದೆ ಲಾರಿಯನ್ನು ಹಾಸನಕ್ಕೆ ತಿರುಗಿಸಿದ. ರಕ್ತ ಕೊಟ್ಟು, ಹೆಸರು ಹೇಳಬೇಡವೆಂದು ಗೆಳೆಯನಿಗೂ ಹೇಳಿದ. ಹುಡುಗಿ ಉಳಿದಳು. ಮಹಾದೇವಯ್ಯ ಅವನ ಕೈಹಿಡಿದು ಗಳಗಳನೆ ಅತ್ತ.

ತೊಟ್ಟಿಲ ಶಾಸ್ತ್ರದ ದಿನ ಅಸಾದುಲ್ಲಾ ಮಗುವಿಗೆ ಬೆಳ್ಳಿ ಕಡಗ ತಂದು ಮಹಾದೇವಯ್ಯನ ಮನೆ ಜಗಲಿಯಲ್ಲಿ ಕೂತ. ಒಳಗೆ ದ್ರಾಕ್ಷಾಯಣಿಯ ಸೋದರಮಾವ ಸುಬ್ಬಯ್ಯನಿಗೆ ಪೇಟ ಕಟ್ಟುತ್ತಿದ್ದರು.

"ರಕ್ತ ಕೊಟ್ಟು ಸೊಸೇನ ಉಳಿಸ್ದ, ಇವ್ನಲ್ವಾ ಮಾವ ಅಂದ್ರೆ!" ಎಂದರು ಬೀಗರು.

ಸುಬ್ಬಯ್ಯ ಆವತ್ತು ಆಸ್ಪತ್ರೆಯ ಮೆಟ್ಟಿಲೂ ಹತ್ತಿರಲಿಲ್ಲ! ಆದರೂ ಪೇಟ ಸರಿಮಾಡಿಕೊಂಡು ಮೀಸೆಯಡಿ ನಗುತ್ತಿದ್ದ.

ಮಹಾದೇವಯ್ಯ ಜಗಲಿಗೆ ಓಡಿಬಂದ. "ಸಾಬರ ರಕ್ತ ಅಂತ ಗೊತ್ತಾದ್ರೆ ಅತ್ತೆ ಮನೇಲಿ ಮಗಳ್ನ ಲಿಂಗಪೂಜೆಗೂ ಕೂರ್ಸಲ್ಲ ಮಾರಾಯ. ಹೆಸ್ರು ಹೇಳ್ಬ್ಯಾಡ ಅಂದೋನು ನೀನೇ ಅಲ್ವಾ?"

"ನನ್ ಹೆಸ್ರು ಹೇಳ್ಬ್ಯಾಡ ಅಂದಿದ್ದೆ ಕಣೋ. ಇನ್ನೊಬ್ಬನ ಹೆಸ್ರು ಹೇಳು ಅಂದಿದ್ನಾ?"

ಬೇರೆ ಯಾರಾದರೂ ಆಗಿದ್ದರೆ ಎರಡು ಬೈದು ಮರೆಯುತ್ತಿದ್ದ. ಆದರೆ ಹೀಗೆ ಮಾಡಿದವನು ಇಪ್ಪತ್ತು ವರ್ಷದ ಗೆಳೆಯ. ನೆಟ್ಟಗೆ ಒಳಗೆ ಹೋಗಿ ಎಲ್ಲರೆದುರು ಹೇಳಿಬಿಡಲೆಂದು ಎದ್ದ.

ಅಷ್ಟರಲ್ಲಿ ಬಾಣಂತಿ ದ್ರಾಕ್ಷಾಯಣಿ ಮಗುವನ್ನೆತ್ತಿಕೊಂಡು ಬಾಗಿಲಿಗೆ ಬಂದಳು. ಅವನನ್ನು ಕಂಡು ಕಣ್ಣು ತುಂಬಿಕೊಂಡಳು.

"ನಾನು ಸಾಯೋ ಹಂಗಿದ್ದೆ ಮಾಮ. ನೀನ್ ಯಾಕೆ ನೋಡಕ್ಕೂ ಬರ್ಲಿಲ್ಲ?"

ಮಹಾದೇವಯ್ಯ ನೆಲ ನೋಡುತ್ತ ನಿಂತಿದ್ದ. ಅಸಾದುಲ್ಲಾ ಒಮ್ಮೆ ಅವನ ಮುಖ ನೋಡಿ, ಕಡಗವನ್ನು ಮಗುವಿನ ಕಾಲಿಗೆ ತೊಡಿಸಿದ.

"ಲಾರಿ ಕೆಟ್ಟೋಗಿತ್ತು ಕಣವ್ವ," ಎಂದ.

ನಾಲ್ಕು ತಿಂಗಳ ಮೇಲೆ ಆಸ್ಪತ್ರೆಯಿಂದ ಕರೆ ಬಂದಾಗ ಹೋಗಿ ರಕ್ತ ಕೊಡಲು ಮಲಗಿದ. ಕುಂದೂರಿಗೆ ಮಾತ್ರ ಮತ್ತೆಂದೂ ಕಾಲಿಡಲಿಲ್ಲ.