ಮೂರೆಲೆ ಬಂತಾ?

ನಮ್ಮ ಸುತ್ತಿನ ಹೈನುಮನೆಗಳಲ್ಲಿ ಕಳೆನಾಶಕ ಹೊಡೆಯುವವನನ್ನು ಎಲ್ಲರೂ ಪಂಪಣ್ಣ ಎನ್ನುತ್ತಾರೆ. ಅದು ಹೆತ್ತವರಿಟ್ಟ ಹೆಸರಲ್ಲ, ಮೂವತ್ತು ವರ್ಷದಿಂದ ಬೆನ್ನಿಗಂಟಿಕೊಂಡಿರುವ ಪಂಪಿನಿಂದ ಬಂದದ್ದು. ಆತನ ಬಳಿ ಎರಡು ಕ್ಯಾನು: ಕೆಂಪು ಬಟ್ಟೆ ಕಟ್ಟಿದ್ದು ಜೋಳದ ಹೊಲಕ್ಕೆ, ಬಿಳಿ ಬಟ್ಟೆಯದು ಮೇವಿನ ಹೊಲಕ್ಕೆ. ಒಂದು ಬಿಟ್ಟು ಇನ್ನೊಂದು ತುಂಬುವ ಮೊದಲು ಪಂಪನ್ನು ಮೂರು ಸಲ ತೊಳೆಯುತ್ತಾನಂತೆ. ಮೊಣಕೈವರೆಗೆ ಸೋಪು ಹಚ್ಚದೆ ನೀರಿನ ಲೋಟವನ್ನೂ ಮುಟ್ಟುವುದಿಲ್ಲವಂತೆ. ಈ 'ಅಂತೆ'ಗಳನ್ನು ನಾನು ನಂಬಿರಲಿಲ್ಲ. ನನ್ನ ಒಂದೂವರೆ ವರ್ಷದ ಮಗಳು ಕುಡಿಯುವುದು ನಮ್ಮ ಹಸುಗಳ ಹಾಲನ್ನೇ.

ಕೊಟ್ಟಿಗೆಯ ಹಿಂದೆ ಹಸುಗಳ ಮೇವಿಗೆಂದು ಹುಲ್ಲಿನ ಬೀಜಕ್ಕೆ ಕುದುರೆಮೆಂತ್ಯ ಬೆರೆಸಿ ಬಿತ್ತಿದ್ದೆವು. ಕಳೆ ಎದ್ದಾಗ ಪಂಪಣ್ಣ ಬಂದು ಔಷಧಿ ಹೊಡೆದು ಹೋದ. ವಾರದೊಳಗೆ ಕಳೆ ಬಾಡಿತು, ಹುಲ್ಲು ನೆಟ್ಟಗೇ ಇತ್ತು. ಕುದುರೆಮೆಂತ್ಯ ಮಾತ್ರ ಬೆಂಕಿಯ ಹತ್ತಿರ ಹಿಡಿದ ಕಾಗದದಂತೆ ಮುರುಟಿತು.

ಕೆಂಪು ಕ್ಯಾನು! ಜೋಳದ ಔಷಧಿಯನ್ನೇ ಮೇವಿಗೆ ಹೊಡೆದುಬಿಟ್ಟಿದ್ದಾನೆ. ಹಸುಗಳಿನ್ನೂ ಹಳೆಯ ಮೇವನ್ನೇ ತಿನ್ನುತ್ತಿದ್ದವು. ಗೊತ್ತಿದ್ದೂ ಹಾಲಿನ ಲೋಟ ಮೂಸಿದೆ. ಎರಡು ಸಲ.

"ಅವನು ಒಂದ್ಸಲಾನೂ ಕ್ಯಾನು ತಪ್ಪಿಸಿಲ್ಲ ಕಣೇ" ಎಂದರು ಅತ್ತೆ.

"ವಯಸ್ಸಾಯ್ತಲ್ಲ ಅತ್ತೆ. ಕೆಂಪು ಯಾವುದು, ಬಿಳಿ ಯಾವುದು, ಕಂಡಿರುತ್ತಾ?"

"ಕರೆಸಿ ಕೇಳೋಣ. ತಪ್ಪು ಅವನದೇ ಆದ್ರೆ ಇನ್ನು ಈ ಕಡೆ ಬರೋದು ಬೇಡ."

ಅತ್ತೆ ಬಿಟ್ಟವರನ್ನು ಉಳಿದ ಎಂಟು ಹೈನುಮನೆಗಳೂ ಬಿಡುತ್ತವೆ. ಅದು ತಿಳಿದೇ ನಾನು ಬಾಯಿಬಿಟ್ಟಿದ್ದೆ.

ಮರುದಿನ ಬಂದ ಪಂಪಣ್ಣ ಜೇಬಿನಿಂದ ಹೊಸ ಕನ್ನಡಕ ತೆಗೆದು ಏರಿಸಿಕೊಂಡು ಮಣ್ಣಿನಲ್ಲಿ ಮಂಡಿಯೂರಿದ. ಮುರುಟಿದ ಸಸಿಯೊಂದನ್ನು ಕಿತ್ತು ನನ್ನ ಅಂಗೈಗಿಟ್ಟ.

"ಅವತ್ತು ಕನ್ನಡಕ ಒಡೆದಿತ್ತಮ್ಮ. ಅದಕ್ಕೇ ನಿಮ್ಮನ್ನ ಕೇಳಿದ್ದು, ಮೂರೆಲೆ ಬಂತಾ ಅಂತ."

"ಬಂದಿತ್ತಲ್ಲ! ನಾನೇ ಬಗ್ಗಿ ಎಣಿಸಿದೀನಿ."

"ಈಗೊಂದ್ಸಲ ಎಣಿಸಿ."

"ಒಂದು, ಎರಡು, ಮೂರು."

"ತೊಟ್ಟು ನೋಡಿ, ಒಂದೇ. ಮೂರು ದಳ ಸೇರಿ ಒಂದೆಲೆ. ಇಂಥವು ಮೂರು ಬರ್ಬೇಕು. ಅಲ್ಲೀವರೆಗೆ ಬಿಳಿ ಕ್ಯಾನಿನ ಔಷಧೀನೂ ತಡ್ಕೊಳ್ಳಲ್ಲ, ಎಳೇದು ಪಾಪ."

ಅಷ್ಟರಲ್ಲಿ ಕೊಟ್ಟಿಗೆಯ ಬಾಗಿಲಿಂದ ಅತ್ತೆ ಕೂಗಿದರು: "ಯಾವ ಕ್ಯಾನಂತೆ?"

"ಕನ್ನಡಕ ಇಲ್ದೆ ನಾನು ಬರ್ಬಾರದಿತ್ತಕ್ಕಾ" ಎಂದನೇ ಹೊರತು ನನ್ನತ್ತ ತಿರುಗಲಿಲ್ಲ.

ಸುಮ್ಮನಿದ್ದರೆ ಮುಗಿದೇ ಹೋಗುತ್ತಿತ್ತು.

"ಕ್ಯಾನು ಸರಿಯಾಗೇ ಇತ್ತು ಅತ್ತೆ. ಎಲೆ ಎಣಿಸಿದ್ದು ನಾನು. ಒಂದನ್ನ ಮೂರು ಅಂದ್ಬಿಟ್ಟೆ."

ಅತ್ತೆ ನನ್ನನ್ನೂ ಸಸಿಯನ್ನೂ ನೋಡಿದರು. "ಪಂಪಣ್ಣ, ಕುದುರೆಮೆಂತ್ಯ ಮತ್ತೆ ಚೆಲ್ಲೋಣ, ಔಷಧಿಗೆ ನೀನೇ ಬಾ. ಹಾಗೇ ಒಳಗೆ ಬಂದು ಮಗೂಗೆ ಎಷ್ಟು ಹಲ್ಲು ಬಂದಿದೆ ನೋಡಿ ಹೋಗು. ಅದನ್ನ ಎಣಿಸಿರೋಳೂ ಇವಳೇ!"

ಆತ ನಗುತ್ತಾ ನಲ್ಲಿಯ ಕಡೆ ನಡೆದ. ಮಗಳನ್ನೆತ್ತಿಕೊಂಡು ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಸೋಪು ಹಚ್ಚಿದ. ಮೊಣಕೈವರೆಗೂ.