ಎರಡು ಪುಸ್ತಕ, ಒಂದು ಡೈರಿ

ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುವುದು ನನಗೆ ಬರುವುದಿಲ್ಲ. ಕೂತರೆ ಕಾಲು ಅಲುಗುತ್ತದೆ, ಕಣ್ಣು ಗಡಿಯಾರ ಹುಡುಕುತ್ತದೆ, ಪಕ್ಕದಲ್ಲಿರುವ ಹೆಂಡತಿ ಸುಗುಣ ಮೊಣಕೈಯಿಂದ ತಿವಿಯುತ್ತಾಳೆ.

ರಾಜಧಾನಿಯ ದ್ವಾರಕಾ ಬಡಾವಣೆಯ ಈ ಚರ್ಚು ಕನ್ನಡದವರಾದ ನಮಗೆ ಸಿಗುವುದು ಭಾನುವಾರ ಮಧ್ಯಾಹ್ನ ಒಂದೂವರೆ ಗಂಟೆ ಹೊತ್ತು ಮಾತ್ರ, ಹಿಂದಿಯವರು ಎದ್ದ ಮೇಲೆ, ಮಲಯಾಳಿಗಳು ಬರುವ ಮೊದಲು. ಹನ್ನೊಂದು ವರ್ಷ ಬೀಗ ತೆಗೆದವನು ನಾನು, ಪ್ರಾರ್ಥನೆ ನಡೆಸಿದವನು ನಾನು, ಕುರ್ಚಿ ಮಡಚಿದವನೂ ನಾನೇ. ಕರ್ತನು ಶಿಷ್ಯರನ್ನು ಇಬ್ಬಿಬ್ಬರಾಗಿ ಕಳಿಸಿದ್ದರ ಬಗ್ಗೆ ಮೂರು ಸಲ ಪ್ರಸಂಗ ಮಾಡಿದ್ದೇನೆ. ಮೂರು ಸಲವೂ ಬೈಬಲಿನ ವಾಕ್ಯ ಓದಿದ್ದು, ಪ್ರಸಂಗ ಹೇಳಿದ್ದು, ಮಧ್ಯೆ ಎದ್ದು ಮೈಕ್ ಸರಿಮಾಡಿದ್ದು ನಾನೊಬ್ಬನೇ. ಯಾರೂ ನಗಲಿಲ್ಲ, ನನಗಂತೂ ಹೊಳೆಯಲೇ ಇಲ್ಲ.

ಕಳೆದ ತಿಂಗಳು, ಗುರುಗ್ರಾಮದ ಆಫೀಸೊಂದರಲ್ಲಿ ದುಡಿಯುವ ಶರೋನ್ ನೇರವಾಗಿ ಕೇಳಿದಳು: "ಅಂಕಲ್, ನಾವಿಲ್ಲಿ ಬರೀ ಕೂತು ಎದ್ದು ಹೋಗೋದಾ? ಹಾಗಾದ್ರೆ ನಮ್ಮನೆ ಹತ್ರ ಇಂಗ್ಲಿಷ್ ಚರ್ಚೇ ಇದೆ." ಅವಳು ಹೋದರೆ ಅವಳ ಹಿಂದೆ ಹುಡುಗರೆಲ್ಲ ಹೋಗುತ್ತಾರೆ. ಉಳಿಯುವುದು ಮಂಡಿನೋವಿನ ನಾವು. "ಮುಂದಿನ ವಾರದ ಆರಾಧನೆ ನೀನೇ ನಡೆಸಮ್ಮ" ಎಂದು ಬೀಗದ ಕೈ ಕೊಟ್ಟೆ.

ಡೈರಿ ಮಾತ್ರ ಕೊಡಲಿಲ್ಲ.

ನಮ್ಮಲ್ಲಿ ಮಂಗಳೂರಿನವರು ತಂದ ಕೀರ್ತನೆ ಪುಸ್ತಕ ಬೇರೆ, ಧಾರವಾಡದವರದು ಬೇರೆ. ಹಾಡುಗಳು ಬಹುಪಾಲು ಅವೇ, ನಂಬರು ಬೇರೆ. ಹಾಗಾಗಿ ಪ್ರತಿ ಹಾಡಿಗೂ ಎರಡು ನಂಬರು ಹೇಳಬೇಕು. ಆ ಜೋಡಿಗಳೆಲ್ಲ ಇರುವುದು ನನ್ನ ಡೈರಿಯಲ್ಲಿ. ಎರಡು ನಂಬರು ಯಾಕೆಂದು ಶರೋನ್‌ಳಂಥ ಹೊಸಬರಿಗೆ ನಾನು ಎಂದೂ ಬಿಡಿಸಿ ಹೇಳಿರಲಿಲ್ಲ. ಕೊಡಲು ಮರೆತೆ ಎಂದು ಸುಗುಣಳಿಗೆ ಹೇಳಿದೆ. ಮರೆತಿರಲಿಲ್ಲ. ಶರೋನ್ ಮಧ್ಯದಲ್ಲಿ ತಡವರಿಸಿ ನನ್ನತ್ತ ನೋಡಲಿ ಎಂಬ ಆಸೆಯಿತ್ತು.

ಅವಳು ತಾಯಿಯ ಮಂಗಳೂರು ಪುಸ್ತಕ ತೆರೆದು ಒಂದೇ ನಂಬರು ಹೇಳಿದಳು. ಎಡಗಡೆ ಮಂಗಳೂರಿನವರು ಸ್ತುತಿಯ ಹಾಡು ಎತ್ತಿಕೊಂಡರು, ಬಲಗಡೆ ಧಾರವಾಡದವರು ಸಮಾಧಿಯ ಹೊತ್ತಿನ ಹಾಡು. ನನ್ನ ಕೈ ಚೀಲದೊಳಗಿನ ಡೈರಿಗೆ ಹೋಯಿತು. ಇನ್ನೇನು ಏಳಬೇಕು, ಸುಗುಣ ಅಂಗಿಯ ತುದಿ ಹಿಡಿದಳು.

ಶರೋನ್ ನನ್ನತ್ತ ನೋಡಲೇ ಇಲ್ಲ. ನಕ್ಕು, "ಅಚ್ಛಾ, ಎರಡೂ ಹಾಡೋಣ. ಅಜ್ಜಿ, ನಿಮ್ಮದು ಮೊದಲು, ನೀವೇ ಶುರು ಮಾಡಿಕೊಡಿ" ಎಂದಳು. ಇಷ್ಟು ವರ್ಷ ಮೂಲೆಯಲ್ಲಿ ತುಟಿ ಮಾತ್ರ ಅಲುಗಿಸುತ್ತಿದ್ದ ಧಾರವಾಡದ ಅಜ್ಜಿ ಎದ್ದು ನಿಂತು ಹಾಡಿದರು. ಒಳ್ಳೆಯ ಕಂಠ. ನನಗೆ ಮೊದಲು ಹೊಟ್ಟೆಕಿಚ್ಚಾಯಿತು, ಆಮೇಲೆ ನಾಚಿಕೆಯಾಯಿತು.

ಆರಾಧನೆ ಮುಗಿದ ಮೇಲೆ ಡೈರಿ ಚಾಚಿದೆ. "ಇದು ನನ್ನ ಹತ್ರ ಇತ್ತಮ್ಮ. ಬೇಕಂತಲೇ ಕೊಡಲಿಲ್ಲ." ಅವಳು ನನ್ನ ಮುಖವನ್ನೊಮ್ಮೆ ನೋಡಿದಳು. ಹಾಳೆಗಳ ಫೋಟೋ ತೆಗೆದು ನಮ್ಮ ವಾಟ್ಸಾಪ್ ಗ್ರೂಪಿಗೆ ಹಾಕಿದಳು. ಹನ್ನೊಂದು ವರ್ಷ ನಾನು ಬಚ್ಚಿಟ್ಟುಕೊಂಡಿದ್ದು ಮಲಯಾಳಿಗಳು ಒಳಗೆ ಬರುವಷ್ಟರಲ್ಲಿ ಎಲ್ಲರ ಜೇಬಿನಲ್ಲಿತ್ತು.

"ತಗೊಳ್ಳಿ ಅಂಕಲ್," ಎಂದು ಡೈರಿ ವಾಪಸು ಕೊಟ್ಟಳು. "ಮುಂದಿನ ವಾರ ವಾಕ್ಯ ಓದೋದು ನೀವು. ಅದೊಂದೇ, ಬೇರೇನೂ ಮುಟ್ಟಬೇಡಿ."

ಅವಳು ಆರಿಸಿದ್ದು ಇಬ್ಬಿಬ್ಬರಾಗಿ ಕಳಿಸಿದ ಭಾಗವೇ. ಆರು ದಿನದಿಂದ ಓದಿ ಓದಿ ಸುಗುಣಳ ತಲೆ ತಿಂದಿದ್ದೇನೆ. ಕಳಿಸಿದ ಮೇಲೆ ಕರ್ತನು ಹಿಂದಿನಿಂದ ಹೋಗಿ ಇಣುಕಿ ನೋಡಿದನೆಂದು ಅಲ್ಲಿ ಎಲ್ಲಿಯೂ ಬರೆದಿಲ್ಲ. ಮೂರು ಸಲ ಪ್ರಸಂಗ ಮಾಡಿದವನ ಕಣ್ಣಿಗೆ ಅದು ಬಿದ್ದದ್ದು ಈಗ.